ಅರ್ಧ ತೆರೆದ ವಾಲ್ವು ಮತ್ತು ಅತ್ತೆಯ ಏಕಾದಶಿ

ಚಳಿ ಎಂದರೆ ಏನೆಂದು ನೆಟ್ಟಗೆ ತಿಳಿಯದೆಯೇ ನಾನು ಬಹಳ ವರ್ಷ ಪರದೇಶದವರ ಮನೆಗಳನ್ನು ಬೆಚ್ಚಗಿಡುವ ಕೆಲಸ ಮಾಡಿದ್ದೇನೆ. ಅದೂ ಎಲ್ಲಿ ಕುಳಿತು? ಚೆನ್ನೈಯಲ್ಲಿ. ಗಿಂಡಿಯ ಕೈಗಾರಿಕಾ ಎಸ್ಟೇಟಿನ ಒಂದು ಶೆಡ್ಡಿನಲ್ಲಿ, ಮೇಲಿನ ಬಿಸಿಗಾಳಿಯನ್ನು ಫ್ಯಾನು ನಿಷ್ಪಕ್ಷಪಾತವಾಗಿ ಎಲ್ಲರ ತಲೆಗೂ ಹಂಚುವ ಜಾಗದಲ್ಲಿ. ನಮ್ಮ ಕಂಪನಿ ಬಿಸಿನೀರಿನ ಮತ್ತು ಹಬೆಯ ಕೊಳವೆಗಳಿಗೆ ವಾಲ್ವು ತಯಾರಿಸುತ್ತಿತ್ತು. ಅವು ಹಡಗು ಹತ್ತಿ ಹಿಮ ಬೀಳುವ ಊರುಗಳಿಗೆ ಹೋಗುತ್ತಿದ್ದವು. ಅಲ್ಲಿ ಯಾವುದೋ ಕಟ್ಟಡದ ನೆಲಮಾಳಿಗೆಯಲ್ಲಿ ಕುಳಿತು, ಮೇಲಿನ ಕೋಣೆಯಲ್ಲಿ ಮಲಗಿದವರಿಗೆ ಎಷ್ಟು ಬೆಚ್ಚಗೆ ಬೇಕೋ ಅಷ್ಟೇ ಬಿಸಿನೀರು ಬಿಡುತ್ತಿದ್ದವು. ಆ ‘ಅಷ್ಟೇ’ ಎನ್ನುವುದನ್ನು ಅವಕ್ಕೆ ಕಲಿಸುವುದು ನನ್ನ ಉದ್ಯೋಗ. ಹಿಮ ನೋಡಿಲ್ಲದವಳು, ಸ್ವೆಟರ್ ಇಲ್ಲದವಳು, ಹಣೆಯ ಬೆವರನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಬೆಚ್ಚಗಿನ ಪಾಠ ಹೇಳಿಕೊಡುತ್ತಿದ್ದೆ. ಈಜು ಬಾರದವನು ದಡದಲ್ಲಿ ನಿಂತು ಈಜು ಕಲಿಸುವುದನ್ನು ನೀವು ನೋಡಿದ್ದರೆ ನನ್ನ ಪರಿಸ್ಥಿತಿ ಅರ್ಥವಾದೀತು.

ವಾಲ್ವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ತೆರೆದರೆ ಪೂರ್ತಿ ತೆರೆಯುವ, ಮುಚ್ಚಿದರೆ ಪೂರ್ತಿ ಮುಚ್ಚುವ ಜಾತಿ. ಇದಕ್ಕೆ ನಡುವಿನ ಸ್ಥಿತಿ ಎಂಬುದೇ ಇಲ್ಲ. ಕೋಣೆ ತಣ್ಣಗಾಯಿತೇ, ಬಿಡು ಬಿಸಿನೀರು. ಬಿಸಿಯಾಯಿತೇ, ನಿಲ್ಲಿಸು. ಚೆನ್ನೈಯ ಜನಕ್ಕೆ ಇದನ್ನು ವಿವರಿಸಬೇಕಾಗಿಯೇ ಇಲ್ಲ, ನಮ್ಮ ಬೀದಿ ನಲ್ಲಿ ಈ ಜಾತಿಗೆ ಸೇರಿದ್ದು. ಬಂದರೆ ಬಂತು, ಇಲ್ಲದಿದ್ದರೆ ಬಿಂದಿಗೆಗಳನ್ನು ಸಾಲಾಗಿ ಇಟ್ಟು ನೀರಿನ ಲಾರಿಯ ದಾರಿ ಕಾಯಬೇಕು. ಇನ್ನೊಂದು, ಅಗತ್ಯ ನೋಡಿಕೊಂಡು ಇಷ್ಟಿಷ್ಟೇ ತೆರೆಯುವ, ಇಷ್ಟಿಷ್ಟೇ ಮುಚ್ಚುವ ಜಾತಿ. ಇಂಗ್ಲಿಷಿನಲ್ಲಿ ಮಾಡ್ಯುಲೇಟಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಹದ ಎನ್ನಬಹುದು, ಆದರೆ ನಮ್ಮ ಮಾರ್ಕೆಟಿಂಗ್‌ನವರು ಹದ ಎಂಬ ಪದಕ್ಕೆ ಯಾರೂ ಅಷ್ಟು ದುಡ್ಡು ಕೊಡುವುದಿಲ್ಲ ಎನ್ನುತ್ತಿದ್ದರು.

ಹದದ ಈ ವ್ಯವಸ್ಥೆಗೆ ಮೂವರು ಬೇಕು. ಹೇಗಿದೆ ಎಂದು ನೋಡುವವರೊಬ್ಬರು, ಹೇಗಿರಬೇಕಿತ್ತು ಎಂದು ನೆನಪಿಟ್ಟುಕೊಂಡು ಎರಡರ ನಡುವಿನ ವ್ಯತ್ಯಾಸ ತೂಗುವವರೊಬ್ಬರು, ಅದರಂತೆ ಕೈಯಾಡಿಸುವವರೊಬ್ಬರು. ಸೆನ್ಸರ್, ಕಂಟ್ರೋಲರ್, ವಾಲ್ವನ್ನು ತಿರುಗಿಸುವ ಮೋಟಾರು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ತುಪ್ಪ ಕಾಯಿಸುವ ಉದಾಹರಣೆ ಕೊಡುತ್ತಿದ್ದೆ. ಬೆಣ್ಣೆ ಕರಗುವವರೆಗೆ ಉರಿ ಜಾಸ್ತಿ, ನೊರೆ ಎದ್ದಾಗ ಸ್ವಲ್ಪ ಕಡಿಮೆ, ಘಮ ಬರತೊಡಗಿದಾಗ ಇನ್ನೂ ಕಡಿಮೆ, ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದ್. ಇಲ್ಲಿ ಮೂಗು ಸೆನ್ಸರ್, ತಲೆ ಕಂಟ್ರೋಲರ್, ಕೈ ಮೋಟಾರು, ಗ್ಯಾಸಿನ ಗುಬುಟು ವಾಲ್ವು. ಇಂಜಿನಿಯರಿಂಗ್ ಓದಿದ ಹುಡುಗರು ಇದನ್ನು ಗಂಭೀರವಾಗಿ ತಲೆಯಾಡಿಸಿ ಕೇಳುತ್ತಿದ್ದರು. ಅವರಲ್ಲಿ ಒಬ್ಬನೂ ತುಪ್ಪ ಕಾಯಿಸಿದವನಲ್ಲ ಎಂಬುದು ಬೇರೆ ಮಾತು.

ಆಯುಧಪೂಜೆಯ ದಿನ ನಮ್ಮ ಶೆಡ್ಡಿಗೆ ಎಲ್ಲರ ಮನೆಯವರೂ ಬರಬಹುದಿತ್ತು. ಲೇತ್ ಯಂತ್ರಗಳಿಗೆ ಬಾಳೆಕಂದು, ವಾಲ್ವುಗಳ ಮೈಗೆ ಅರಿಶಿನ ಕುಂಕುಮ, ಬಂದವರ ಕೈಗೆ ಕಡಲೆಪುರಿ ಪೊಟ್ಟಣ. ಮದುವೆಯಾದ ಮೊದಲ ವರ್ಷ ಅತ್ತೆ ಬಂದಿದ್ದರು. ನನ್ನ ಮೇಜಿನ ಮೇಲಿದ್ದ, ಹೊಟ್ಟೆ ಸೀಳಿ ಒಳಗಿನದನ್ನು ತೋರಿಸುವ ಮಾದರಿ ವಾಲ್ವಿನ ಮುಂದೆ ಬಹಳ ಹೊತ್ತು ನಿಂತರು.

“ಏನಮ್ಮಾ ಇದು, ತೆರೆದಿದ್ದಾ, ಮುಚ್ಚಿದ್ದಾ?” ಎಂದು ಕೇಳಿದರು.

“ಅರ್ಧ ತೆರೆದಿದೆ ಅತ್ತೆ.”

“ಅರ್ಧ ಅಂದ್ರೆ? ರಿಪೇರಿಯಾ?”

ಅತ್ತೆಯ ಸ್ವಭಾವ ಇದರಲ್ಲಿಯೇ ಇದೆ. ಅವರ ಲೋಕದಲ್ಲಿ ಅರ್ಧ ಎಂದರೆ ಕೆಟ್ಟುಹೋಗಿದೆ ಎಂದು. ಮಡಿಯೆಂದರೆ ಮಡಿ, ಮೈಲಿಗೆಯೆಂದರೆ ಮೈಲಿಗೆ. ಮಾತಾಡಿದರೆ ಬಾಯ್ತುಂಬ, ಮುನಿಸಿಕೊಂಡರೆ ವಾರ. ಅವರ ಪಕ್ಕದಲ್ಲಿ ಮಾವ. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಹಸಿರು ಬಾವುಟ, ಇಲ್ಲವೇ ಕೆಂಪು ಬಾವುಟ ತೋರಿಸಿ ಆಯುಷ್ಯ ಕಳೆದವರು. ಇಂಥ ಮನೆಗೆ ದಾವಣಗೆರೆಯಿಂದ ನಾನು, ಅಂದರೆ ವಸುಧಾ, ಹದದ ಪಂಡಿತೆ, ಸೊಸೆಯಾಗಿ ಬಂದೆ.

ಮನೆ ಇದ್ದದ್ದು ವಡಪಳನಿಯಲ್ಲಿ, ಮುರುಗನ ಗುಡಿಯ ಗಂಟೆ ಕೇಳಿಸುವಷ್ಟು ಹತ್ತಿರ. ಅತ್ತೆಯ ಹಿರಿಯರು ಬಳ್ಳಾರಿಯ ಕಡೆಯಿಂದ ಮದ್ರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ಗೊತ್ತಿರಲಿಲ್ಲ. ಕನ್ನಡದಲ್ಲಿ ಶುರುವಾದ ವಾಕ್ಯ ತಮಿಳಿನ ಓಣಿಯೊಳಗೆ ಹೊಕ್ಕು ಮತ್ತೆ ಕನ್ನಡದಲ್ಲಿ ಹೊರಬರುತ್ತಿತ್ತು. ಊರಿಗೆ ಆಗಷ್ಟೇ ಚೆನ್ನೈ ಎಂದು ಹೆಸರಿಟ್ಟಿದ್ದರು. ನಮ್ಮ ಮನೆಯಲ್ಲಿ ಅದು ಮದ್ರಾಸಾಗಿಯೇ ಉಳಿದಿತ್ತು. ಬದಲಾವಣೆ ಬೇಡದ ಆ ಮನೆಯಲ್ಲಿ ಎಲ್ಲಕ್ಕಿಂತ ಬದಲಾಗದೆ ಇದ್ದದ್ದು ಏಕಾದಶಿ.

ನಾವು ವೈಷ್ಣವರು. ದಶಮಿಯಂದು ಒಪ್ಪತ್ತು ಊಟ, ಏಕಾದಶಿಯಂದು ಒಂದು ತೊಟ್ಟು ನೀರೂ ಇಲ್ಲ, ದ್ವಾದಶಿಯ ಬೆಳಿಗ್ಗೆ ಸೂರ್ಯ ಹುಟ್ಟುತ್ತಿದ್ದಂತೆ ಪಾರಣೆ. ಶಾಸ್ತ್ರದಲ್ಲಿ ಇದು ಎಲ್ಲರಿಗೂ ಹೇಳಿದ್ದು. ನಮ್ಮ ಮನೆಯಲ್ಲಿ ಮಾತ್ರ ಇದನ್ನು ಅತ್ತೆಯೊಬ್ಬರೇ ಮಾಡುತ್ತಿದ್ದರು. ಮಾವನಿಗೆ ಹೊಟ್ಟೆಹುಣ್ಣು, ಹಸಿದರೆ ರಕ್ತ ವಾಂತಿಯಾಗುವಷ್ಟು. ನಮ್ಮವರಿಗೆ ವಿಮಾ ಕಚೇರಿಯಲ್ಲಿ ಕೆಲಸ, ನಿನ್ನೆ ಏಕಾದಶಿಯಿತ್ತು ಎಂದು ಅವರಿಗೆ ನೆನಪಾಗುವುದು ದ್ವಾದಶಿಯ ದಿನ. ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸಾಂಬಾರ್ ಅನ್ನ ತಿನ್ನುತ್ತಿದ್ದೆ, ಮನೆಯಲ್ಲಿ ಹೇಳುತ್ತಿರಲಿಲ್ಲ, ಅತ್ತೆ ಕೇಳುತ್ತಲೂ ಇರಲಿಲ್ಲ. ಇಡೀ ಮನೆಯ ಪಾಲಿನ ಉಪವಾಸವನ್ನು ಅತ್ತೆ ಒಬ್ಬರೇ ಹೊತ್ತಿದ್ದರು. ಮದುವೆಯಾಗಿ ಬಂದ ಮೇಲೆ ಬಸಿರು ಬಾಣಂತನ ಬಿಟ್ಟರೆ ಒಂದನ್ನೂ ತಪ್ಪಿಸಿದವರಲ್ಲ. ಅದು ಅವರ ಭಕ್ತಿ ಹೌದು, ಹೆಮ್ಮೆಯೂ ಹೌದು. ಎರಡನ್ನೂ ಬೇರೆ ಮಾಡಿ ನೋಡುವುದು ಯಾರಿಂದಲೂ ಆಗದ ಕೆಲಸ.

ಅವರಿಗೆ ಸಕ್ಕರೆ ಕಾಯಿಲೆ ಬಂತು. ಮೊದಲು ಮಾತ್ರೆ ಕೊಟ್ಟರು. ಮಾತ್ರೆ ನುಂಗಲು ನೀರು ಬೇಕು, ನೀರು ಕುಡಿದರೆ ವ್ರತ ಕೆಡುತ್ತದೆ, ಆದ್ದರಿಂದ ಏಕಾದಶಿಯ ದಿನ ಅತ್ತೆ ಮಾತ್ರೆಯನ್ನೂ ಬಿಡುತ್ತಿದ್ದರು. ಔಷಧ ತಪ್ಪಿಸುತ್ತಾರಲ್ಲಾ ಎಂದು ನಾವೆಲ್ಲ ಕೊರಗುತ್ತಿದ್ದೆವು. ಆ ತಪ್ಪಿಸುವುದೇ ಅವರನ್ನು ಅಷ್ಟು ದಿನ ಕಾಪಾಡಿತ್ತು ಎಂಬುದು ಆಗ ನಮ್ಮ ಬುದ್ಧಿಗೆ ಹೊಳೆದಿರಲಿಲ್ಲ. ಕೆಲವು ವರ್ಷದ ಮೇಲೆ ಮಾತ್ರೆ ಸಾಲದಾಗಿ, ಕೋಡಂಬಾಕ್ಕಂನ ಡಾಕ್ಟರು ಇನ್ಸುಲಿನ್‌ಗೆ ಬದಲಿಸಿದರು. ಬೆಳಿಗ್ಗೆ ಒಂದು ಚುಚ್ಚುಮದ್ದು, ಸಂಜೆ ಒಂದು. ಬೇರೆ ಯಾರಾದರೂ ಆಗಿದ್ದರೆ ಅಳುತ್ತಿದ್ದರು. ಅತ್ತೆ ಹಿಗ್ಗಿದರು.

“ಊಸಿ ಬಾಯೊಳಗೆ ಹೋಗಲ್ಲ ತಾನೇ!” ಎಂದರು. ಚುಚ್ಚುಮದ್ದಿಗೆ ಅವರು ಯಾವಾಗಲೂ ತಮಿಳಿನ ಊಸಿಯನ್ನೇ ಹೇಳುತ್ತಿದ್ದರು. “ಮಾತ್ರೆಗಾದ್ರೆ ಒಂದು ಗುಟುಕು ತಣ್ಣಿ ಬೇಕು, ಇದಕ್ಕೆ ಅದೂ ಬೇಡ. ಇನ್ಮೇಲೆ ಏಕಾದಶಿ ದಿನಾನೂ ಔಷಧಿ ತಪ್ಪಲ್ಲ, ವ್ರತಾನೂ ಕೆಡಲ್ಲ. ರೊಂಬ ಸೌಕರ್ಯ.”

ಹಾವೂ ಸಾಯದ ಹಾಗೆ ಕೋಲೂ ಮುರಿಯದ ಹಾಗೆ ದೇವರೇ ದಾರಿ ತೋರಿಸಿದನೆಂದು ಮಾವನೂ ಸಂತೋಷಪಟ್ಟರು. ನಾನೂ ನಕ್ಕೆ. ಉಳಿದದ್ದನ್ನು ಯಾರೂ ಯೋಚಿಸಲಿಲ್ಲ.

ಯೋಚಿಸಬೇಕಾಗಿದ್ದದ್ದು ಇಷ್ಟೇ. ನಮ್ಮ ಹೊಟ್ಟೆಯೊಳಗೆ ಮೇದೋಜೀರಕ ಎಂಬ ಒಂದು ಗ್ರಂಥಿ ಇದೆ. ನಾನು ಜೀವನದಲ್ಲಿ ಕಂಡ ಕಂಟ್ರೋಲರುಗಳಲ್ಲೆಲ್ಲ ಅದಕ್ಕೆ ಸಮನಾದದ್ದು ಇಲ್ಲ. ನೀವು ಒಂದು ಹೋಳಿಗೆ ತಿಂದರೆ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಬಿಡುತ್ತದೆ, ನಾಲ್ಕು ತಿಂದರೆ ಗೊಣಗದೆ ಇನ್ನಷ್ಟು ಬಿಡುತ್ತದೆ, ಉಪವಾಸವಿದ್ದರೆ ತಾನಾಗಿ ಕೈ ಬಿಗಿಹಿಡಿಯುತ್ತದೆ. ಅದು ಸುಸ್ತಾದಾಗ ಹೊರಗಿನಿಂದ ಚುಚ್ಚಿ ಹಾಕುವ ಇನ್ಸುಲಿನ್‌ಗೆ ಈ ವಿವೇಕವಿಲ್ಲ. ನೀವು ಉಂಡಿದ್ದೀರೋ ಇಲ್ಲವೋ ಎಂದು ಅದು ಕೇಳುವುದಿಲ್ಲ, ರಕ್ತದಲ್ಲಿರುವ ಸಕ್ಕರೆಯನ್ನು ಕರಗಿಸುತ್ತ ಹೋಗುತ್ತದೆ. ಅತ್ತ ಊಟದ ವಾಲ್ವು ಪೂರ್ತಿ ಬಂದ್, ಇತ್ತ ಖರ್ಚಿನ ವಾಲ್ವು ಪೂರ್ತಿ ತೆರೆದದ್ದು. ಟ್ಯಾಂಕು ಬರಿದಾಗಲು ಎಷ್ಟು ಹೊತ್ತು ಬೇಕು?

ಇನ್ಸುಲಿನ್ ಶುರುವಾದ ಮೇಲಿನ ಮೊದಲ ಏಕಾದಶಿ. ಬೆಳಿಗ್ಗೆ ಮಾವ ಎಂದಿನಂತೆ ಕನ್ನಡಕ ಹಾಕಿಕೊಂಡು, ಸಿರಿಂಜನ್ನು ಬೆಳಕಿಗೆ ಹಿಡಿದು, ಗಾರ್ಡ್ ಸಾಹೇಬರ ಶಿಸ್ತಿನಲ್ಲಿ ಚುಚ್ಚುಮದ್ದು ಕೊಟ್ಟರು. ನಾನು ಬಸ್ಸು ಹಿಡಿದು ಗಿಂಡಿಗೆ ಹೋದೆ. ಮಧ್ಯಾಹ್ನ ಆಫೀಸಿನ ಫೋನಿಗೆ ಮಾವನ ಕರೆ ಬಂತು. ಅವರು ಎಂದೂ ಆಫೀಸಿಗೆ ಫೋನ್ ಮಾಡಿದವರಲ್ಲ.

“ವಸೂ, ನಿಮ್ಮ ಅತ್ತೆ ಒಂದು ಥರಾ ಇದಾಳಮ್ಮಾ. ಮೈಯೆಲ್ಲ ಬೆವರು, ಕೈ ನಡುಗ್ತಾ ಇದೆ. ನೀವ್ಯಾರು ಅಂತ ನನ್ನನ್ನೇ ಕೇಳ್ತಾಳೆ.”

ಇನ್ಸುಲಿನ್ ಶುರು ಮಾಡುವಾಗ ಡಾಕ್ಟರು ಹೇಳಿದ್ದು ನನಗೆ ಫಕ್ಕನೆ ನೆನಪಾಯಿತು. ನಡುಕ, ಬೆವರು, ತಲೆ ಕೆಟ್ಟಂತೆ ಮಾತು ಬಂದರೆ ತಡಮಾಡದೆ ಸಕ್ಕರೆ. “ಗುಟುಕರಿಸ್ತಾರಾ ಮಾವ? ಹಾಗಿದ್ರೆ ಸಕ್ಕರೆ ನೀರು ಕುಡಿಸಿ, ಈಗಲೇ,” ಎಂದೆ.

ಅವರು ಸಣ್ಣ ಸ್ವರದಲ್ಲಿ, “ಇವತ್ತು ಏಕಾದಶಿ ಅಮ್ಮಾ. ಅವಳಿಗೆ ಗೊತ್ತಿಲ್ಲದ ಹಾಗೆ ಬಾಯಿಗೆ ಹೇಗೆ ಹಾಕ್ಲಿ? ಇಷ್ಟು ವರ್ಷದ್ದು...” ಎಂದರು. ಅತ್ತ ದರಿ, ಇತ್ತ ಪುಲಿ. ಹೆಂಡತಿ ಕಣ್ಮುಂದೆ ಹೋಗುತ್ತಿದ್ದಾಳೆ, ಆದರೆ ಆಕೆ ಪ್ರಾಣಕ್ಕಿಂತ ಹೆಚ್ಚೆಂದು ಇಟ್ಟುಕೊಂಡದ್ದನ್ನು ತನ್ನ ಕೈಯಾರೆ ಕೆಡಿಸಬೇಕು. ಅವರನ್ನು ಮೂರ್ಖರೆಂದು ಬಯ್ಯುವುದು ಸುಲಭ. ನನಗೆ ಇವತ್ತಿಗೂ ಹಾಗೆ ಅನ್ನಿಸುವುದಿಲ್ಲ.

“ಹಾಕಿ ಮಾವ. ಪಾಪ ನನಗಿರಲಿ.”

ಫೋನಿಟ್ಟು ಆಟೋ ಹತ್ತಿದೆ. ನೂರಡಿ ರಸ್ತೆಯ ಅಷ್ಟೂ ಸಿಗ್ನಲ್ಲುಗಳಲ್ಲಿ ನಾನು ಏನು ಬೇಡಿಕೊಂಡೆನೋ, ಯಾರನ್ನು ಬೇಡಿಕೊಂಡೆನೋ ನೆನಪಿಲ್ಲ. ಮನೆಗೆ ಬಂದಾಗ ಅತ್ತೆ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ತಿಳಿಯಾಗಿತ್ತು. ಜೀವ ಉಳಿದಿತ್ತು. ಅವರು ನಾಲಿಗೆಯಿಂದ ತುಟಿ ಸವರಿಕೊಂಡರು. ಸಿಹಿ ತಿಳಿಯಿತು. ಮಾವನ ಕೈಯಲ್ಲಿದ್ದ ಲೋಟ ನೋಡಿದರು, ನನ್ನನ್ನು ನೋಡಿದರು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಅಳುವ ಶಬ್ದವೂ ಬರಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು.

ಡಾಕ್ಟರು ಮರುದಿನ ಕಟ್ಟುನಿಟ್ಟಾಗಿ ಹೇಳಿದರು. “ಮಾಮಿ, ಸಾಮಿ ಮನ್ನಿಚ್ಚಿಡುವಾರ್. ಶುಗರ್ ಮನ್ನಿಕ್ಕಾದು.” ದೇವರು ಕ್ಷಮಿಸಿಯಾನು, ಶುಗರ್ ಕ್ಷಮಿಸುವುದಿಲ್ಲ ಎಂದು. ಇನ್ನು ಮೇಲೆ ಏಕಾದಶಿಯೆಂದರೆ ಇನ್ಸುಲಿನ್ ಇಷ್ಟು ಕಡಿಮೆ ಮಾಡಬೇಕು, ಜೊತೆಗೆ ಹಾಲು, ಹಣ್ಣು ತಪ್ಪದೆ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆ ಎಂಬ ಮಾತೇ ಕೂಡದು ಎಂದರು. ಅತ್ತೆ ಅಲ್ಲಿ ತಲೆಯಾಡಿಸಿದರು. ಮನೆಗೆ ಬಂದು ಹೇಳಿದ್ದು ಒಂದೇ ಮಾತು: “ಹಾಗಾದ್ರೆ ಏಕಾದಶಿ ದಿನ ಊಸೀನೇ ಬೇಡ. ಉಪವಾಸ ಬಿಟ್ಟು ಬದುಕಿದ್ದು ನಾನು ಏನು ಮಾಡ್ಬೇಕು?”

ಮುಂದಿನ ಏಕಾದಶಿಗೆ ಎರಡು ವಾರ ಕೂಡ ಇರಲಿಲ್ಲ. ದಿನವೂ ಕ್ಯಾಲೆಂಡರಿನ ಆ ಚೌಕದವರೆಗೆ ಎಣಿಸುತ್ತಿದ್ದೆ.

ಆ ನಡುವಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ನನ್ನ ವೃತ್ತಿಯಲ್ಲಿ ಒಂದು ಹೆಸರಿದೆ. ಕಂಟ್ರೋಲರ್ ಅತಿ ಚುರುಕಾಗಿದ್ದರೆ, ಸ್ವಲ್ಪ ತಣ್ಣಗಾದೊಡನೆ ವಾಲ್ವನ್ನು ದಬಕ್ಕನೆ ತೆರೆಯುತ್ತದೆ. ಬಿಸಿನೀರು ಕೋಣೆ ತಲುಪಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹರಿದಿರುತ್ತದೆ. ಕೋಣೆ ಕುದಿಯುತ್ತದೆ. ಆಗ ದಬಕ್ಕನೆ ಮುಚ್ಚುತ್ತದೆ. ಕೋಣೆ ಕೊರೆಯುತ್ತದೆ. ಹೀಗೆ ನಡುವಿನ ಬಿಂದುವನ್ನು ಬೇಟೆಯಾಡುತ್ತ ಅತ್ತಿಂದಿತ್ತ ಓಡುವುದನ್ನು ‘ಹಂಟಿಂಗ್’ ಎನ್ನುತ್ತೇವೆ. ನಮ್ಮ ಮಾವ ಹಂಟಿಂಗ್ ಶುರುಮಾಡಿದರು. ಅತ್ತೆಯ ಹಣೆಯ ಮೇಲೆ ಒಂದು ಹನಿ ಬೆವರು ಕಂಡರೆ ಸಕ್ಕರೆ ಡಬ್ಬಿ ಹಿಡಿದು ಓಡಿಬರುತ್ತಿದ್ದರು. ಬೇಸಿಗೆಯ ಮದ್ರಾಸಿನಲ್ಲಿ ಬೆವರದವರು ಯಾರು? ಅತ್ತೆಯ ಸಕ್ಕರೆ ಏರಿತು, ಅದನ್ನು ಇಳಿಸಲು ಅವರಿಗೆ ರಾತ್ರಿಯೂಟಕ್ಕೆ ಕತ್ತರಿ, ಬೆಳಿಗ್ಗೆ ಮತ್ತೆ ತಲೆಸುತ್ತು, ಮತ್ತೆ ಡಬ್ಬಿ. ಅತಿಯಾದರೆ ಅಮೃತವೂ ವಿಷ ಎಂಬುದು ಸಕ್ಕರೆಗೂ ಅನ್ವಯಿಸುತ್ತದೆ, ಪ್ರೀತಿಗೂ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರೆಗೂ ಇದು ನಡೆಯಿತು. ಆಮೇಲೆ ಯೋಚಿಸಿ ಹೆದರಿ, ಒಂದು ಪೊಟ್ಟಣವನ್ನು ಅತ್ತೆಯ ದಿಂಬಿನ ಪಕ್ಕ ಇಟ್ಟೆ.

ವೃತ್ತಿಯ ಮೇಲಿನ ನಂಬಿಕೆಯಿಂದ ಒಂದು ಸಂಜೆ ಅತ್ತೆಯ ಮುಂದೆ ಕುಳಿತು ಪಾಠವನ್ನೂ ಹೇಳಿದೆ. ನಮ್ಮಲ್ಲಿ ವಾಲ್ವಿಗೆ ಹೇಳಿಕಳಿಸುವ ಸಂದೇಶ ಸಣ್ಣ ವಿದ್ಯುತ್ತಿನ ರೂಪದಲ್ಲಿ ತಂತಿಯ ಮೇಲೆ ಹೋಗುತ್ತದೆ. ಪೂರ್ತಿ ತೆರೆ ಎನ್ನಲು ಇಪ್ಪತ್ತು ಮಿಲಿಆಂಪ್. ಪೂರ್ತಿ ಮುಚ್ಚು ಎನ್ನಲು ಸೊನ್ನೆ ಎಂದು ನೀವು ಊಹಿಸುತ್ತೀರಿ. ಅಲ್ಲ, ನಾಲ್ಕು. ಯಾಕೆಂದರೆ ಸೊನ್ನೆ ಬಂದರೆ ಅದು ಮುಚ್ಚು ಎಂಬ ಆಜ್ಞೆಯೋ, ತಂತಿಯೇ ಕಡಿದುಹೋಗಿದೆಯೋ ತಿಳಿಯುವುದಿಲ್ಲ. ಪೂರ್ತಿ ಮುಚ್ಚಿದಾಗಲೂ ತಂತಿಯಲ್ಲಿ ಒಂದಿಷ್ಟು ವಿದ್ಯುತ್ತು ಹರಿಯುತ್ತಲೇ ಇರಬೇಕು, ನಾನಿದ್ದೇನೆ ಎನ್ನಲು. ಅದಕ್ಕೆ ಜೀವಂತ ಸೊನ್ನೆ ಎನ್ನುತ್ತಾರೆ. ಉಪವಾಸವೂ ಹಾಗೆಯೇ ಇರಬಹುದಲ್ಲ ಅತ್ತೆ, ಒಂದು ಲೋಟ ಹಾಲು ಕುಡಿದರೆ ಅದು ಊಟವಲ್ಲ, ತಂತಿ ಕಡಿದಿಲ್ಲ ಎಂದು ಹೇಳುವುದಷ್ಟೇ. ನನ್ನ ಉಪಮೆಗೆ ನಾನೇ ಮನಸೋತಿದ್ದೆ. ಕಂಪನಿಯಲ್ಲಿ ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಅತ್ತೆ ಹೂಬತ್ತಿ ಹೊಸೆಯುತ್ತ ಎಲ್ಲ ಕೇಳಿದರು. “ನಿನ್ನ ಯಂತ್ರಕ್ಕೆ ಹಸಿವು ಉಂಟಾ?” ಎಂದರು.

“ಇಲ್ಲ.”

“ಹಾಗಾದ್ರೆ ಅದಕ್ಕೆ ಉಪವಾಸದ ವಿಷಯ ಏನು ಗೊತ್ತು?”

ಮಾವ ಮಠಕ್ಕೆ ಹೋಗಿ ಆಚಾರ್ಯರನ್ನು ಕೇಳಿಬಂದರು. ನೀರು, ಹಾಲು, ಹಣ್ಣು, ಔಷಧ ಇವುಗಳಿಂದ ಅಶಕ್ತರ ವ್ರತ ಕೆಡುವುದಿಲ್ಲ, ಶಾಸ್ತ್ರದಲ್ಲೇ ಇದೆ ಎಂದು ಅವರು ಹೇಳಿಕಳಿಸಿದ್ದರು. ಶಾಸ್ತ್ರಕಾರರಿಗೆ ಹದ ಗೊತ್ತಿತ್ತು ಎಂದು ನಾನು ಹಿಗ್ಗಿದೆ. ಅತ್ತೆ ಒಂದು ಪದವನ್ನು ಹಿಡಿದು ಕೂತರು. “ಅಶಕ್ತರಿಗೆ ತಾನೇ ಹೇಳಿದ್ದು? ನಾನು ಅಶಕ್ತೆ ಅಂತ ಯಾರು ಹೇಳಿದ್ರು?” ಆಗ ನನಗೆ ನಿಜವಾದ ಗಂಟು ಕಂಡಿತು. ಅವರಿಗೆ ಹಾಲಿನ ಭಯವಿರಲಿಲ್ಲ, ವ್ರತಭಂಗದ ಭಯವೂ ಅಷ್ಟಿರಲಿಲ್ಲ. ಆ ಲೋಟವನ್ನು ಕೈಗೆತ್ತಿಕೊಂಡ ದಿನ ತಮ್ಮ ಮೈಯ ಕಾಲ ಮುಗಿಯಿತೆಂದು ತಾವೇ ಒಪ್ಪಿಕೊಂಡಂತೆ. ಇಷ್ಟು ವರ್ಷ ಇಡೀ ಮನೆಯ ಉಪವಾಸ ಹೊತ್ತವರಿಗೆ ಇದಕ್ಕಿಂತ ಸಾಯುವುದು ಹಗುರವೆನಿಸಿದ್ದರೆ ಆಶ್ಚರ್ಯವಿಲ್ಲ. ನಾನು ಪಾಠ ಹೇಳುವುದನ್ನು ಅಲ್ಲಿಗೆ ನಿಲ್ಲಿಸಿದೆ.

ದಶಮಿಯ ಸಂಜೆ ಬಂತು. ನಾನು ಚಪ್ಪಲಿ ಬಿಚ್ಚುತ್ತಿದ್ದಂತೆ ಅತ್ತೆ ಕರೆದರು. “ಅವತ್ತು ಫೋನ್‌ನಲ್ಲಿ ಪಾಪ ನನಗಿರಲಿ ಅಂದೆಯಂತೆ?”

ಮಾವ ಹೇಳಿಬಿಟ್ಟಿದ್ದಾರೆ. “ಹೌದು ಅತ್ತೆ.”

“ಪಾಪ ತಗೊಂಡವಳು ವ್ರತಾನೂ ತಗೊ. ನಾನು ನಾಳೆ ಹಾಲು ಕುಡಿತೀನಿ. ಆದ್ರೆ ಈ ಮನೇಲಿ ಏಕಾದಶಿ ನಿಲ್ಲಬಾರದು. ನೀನು ಇರು.”

ಬೆಳಿಗ್ಗೆ ಎದ್ದೊಡನೆ ಕಾಫಿ ಇಲ್ಲದಿದ್ದರೆ ಮನುಷ್ಯರ ಮುಖ ನೋಡದ ನಾನು “ಸರಿ” ಎಂದೆ. ಬೇರೆ ಏನನ್ನಬಹುದಿತ್ತು? ನಂಬಿಕೆಯಿಂದ ಅಂದದ್ದಲ್ಲ. ಅವರು ಉಳಿಯಬೇಕಿತ್ತು, ಅಷ್ಟೇ.

ಮರುದಿನ ಮಾವ ಡಾಕ್ಟರು ಹೇಳಿದ ಕಡಿಮೆ ಅಳತೆಯ ಚುಚ್ಚುಮದ್ದು ಕೊಟ್ಟರು. ಅತ್ತೆ ನನ್ನೆದುರಿಗೆ, ಕಣ್ಣು ಮುಚ್ಚಿ, ಮೊದಲ ಲೋಟ ಹಾಲನ್ನು ಕಷಾಯ ಕುಡಿದಂತೆ ಕುಡಿದರು. ನಾನು ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದೆ. ಹತ್ತು ಗಂಟೆಗೆ ತಲೆನೋವು ಬಂತು. ಕ್ಯಾಂಟೀನಿನಿಂದ ವಡೆಯ ವಾಸನೆ ಬಂದಾಗ ಈ ಜಗತ್ತಿನಲ್ಲಿ ಮೂಗಿಗಿಂತ ಸೂಕ್ಷ್ಮವಾದ ಸೆನ್ಸರ್ ಇಲ್ಲ ಎಂಬುದು ಖಾತ್ರಿಯಾಯಿತು. ಸಾಮಾನ್ಯವಾಗಿ ಒಂದು ವಾಲ್ವನ್ನು ಹದಕ್ಕೆ ತರಲು ಬೇಕಾಗುವ ಸಮಯದ ಮೂರರಷ್ಟು ಹಿಡಿಯಿತು, ಹುಡುಗರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಮೂವತ್ತರ ಹರೆಯದ ಗಟ್ಟಿ ಮೈಗೇ ಹೀಗೆ. ಅರವತ್ತು ದಾಟಿದ ಅತ್ತೆ ಇದೇ ಹಸಿವಿನಲ್ಲಿ ನಮ್ಮೆಲ್ಲರಿಗೂ ಉಪ್ಪಿಟ್ಟು ಕೆದಕಿಕೊಟ್ಟು, ಡಬ್ಬಿ ಕಟ್ಟಿ, ಒಂದು ದಿನವೂ ಮುಖ ಸಿಂಡರಿಸದೆ ಕಳಿಸುತ್ತಿದ್ದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರನ್ನು ನೋಡಬೇಕೆನಿಸಿತು. ಫೋನ್ ಮಾಡಿದೆ.

ಅತ್ತೆಯೇ ಎತ್ತಿಕೊಂಡರು. “ಏನಾದ್ರೂ ತಿಂದೆಯಾ?”

“ಇಲ್ಲ ಅತ್ತೆ. ನೀವು ಮಧ್ಯಾಹ್ನದ ಹಾಲು ಕುಡಿದ್ರಾ?”

“ಇನ್ನೂ ಇಲ್ಲ.”

“ಯಾಕೆ? ಹೊತ್ತಾಯ್ತಲ್ಲ!”

“ನೀನು ಅಲ್ಲಿ ಪಟ್ಟಿನಿ ಇರುವಾಗ ನನಗೆ ಹೇಗೆ ಇಳಿಯತ್ತೆ ಹೇಳು. ಲೋಟ ಎದುರಿಗೆ ಇಟ್ಕೊಂಡು ಕೂತಿದೀನಿ.” ಹಸಿದಿರುವುದಕ್ಕೆ ಅವರು ತಮಿಳಿನ ಪಟ್ಟಿನಿಯನ್ನು ಬಳಸಿದ್ದರು. ಆ ಪದದಲ್ಲಿ ವ್ರತದ ಗಾಂಭೀರ್ಯವಿಲ್ಲ. ಅನ್ನವಿಲ್ಲದ ಮಗುವಿನ ಬಗ್ಗೆ ಆಡುವ ಮಾತು ಅದು.

ಆದರೂ ನಾನು ಬಿಡಲಿಲ್ಲ. “ನೀವು ಈಗ ಕುಡೀದಿದ್ರೆ ನಾನು ಇಲ್ಲಿಂದ ನೆಟ್ಟಗೆ ಕ್ಯಾಂಟೀನಿಗೆ ಹೋಗಿ ಸಾಂಬಾರ್ ಅನ್ನ ತಿಂತೀನಿ. ಈ ಮನೆ ಏಕಾದಶಿ ಇಲ್ಲಿಗೇ ಮುಗೀತು.”

“ಅಯ್ಯೋ ರಾಮಾ, ಬೇಡ್ವೇ!” ಎಂದರು. ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು. ಆಮೇಲೆ ಗುಟುಕು, ಇನ್ನೊಂದು ಗುಟುಕು. ಲೋಟ ಕೆಳಗಿಟ್ಟ ಸದ್ದು. “ಆಯ್ತು. ಮುಗಿಸಿದೆ. ನೀನು ಏನೂ ತಿನ್ನಬೇಡ, ಬಿಸಿಲಲ್ಲಿ ಓಡಾಡಬೇಡ, ಬೇಗ ಬಾ.”

ಅವರು ಕುಡಿಯಲೆಂದು ನಾನು ಹಸಿದಿದ್ದೆ. ನಾನು ಹಸಿದಿರಲೆಂದು ಅವರು ಕುಡಿದರು. ಈ ತುದಿಯಲ್ಲಿ ಆದದ್ದು ಆ ತುದಿಗೆ ತಿಳಿಯುತ್ತ, ಆ ತುದಿಯದ್ದು ಇಲ್ಲಿಗೆ ಬರುತ್ತ, ಇಬ್ಬರೂ ಇಷ್ಟಿಷ್ಟೇ ಸರಿದುಕೊಳ್ಳುವುದು. ನನ್ನ ವೃತ್ತಿಯ ಸಾರವೆಲ್ಲ ಇಷ್ಟೇ ತಾನೆ? ಆದರೆ ಅತ್ತೆ ಹೇಳಿದ್ದೂ ಸರಿ. ಯಂತ್ರಕ್ಕೆ ಹಸಿವಿಲ್ಲ. ನಮ್ಮ ವಾಲ್ವು ವ್ಯತ್ಯಾಸವನ್ನು ತೂಗುತ್ತದೆ, ಆ ವ್ಯತ್ಯಾಸ ಅದಕ್ಕೆ ನೋಯುವುದಿಲ್ಲ.

ಅತ್ತೆ ಅದಾದ ಮೇಲೆ ಕೆಲವು ವರ್ಷ ಬದುಕಿದ್ದರು. ಏಕಾದಶಿಗಳು ಹೀಗೆಯೇ ನಡೆದವು. ನಾನು ಎಷ್ಟೋ ಸಲ ಗೊಣಗಿದೆ, ಒಂದೆರಡು ಸಲ ಕದ್ದು ಕಾಫಿಯನ್ನೂ ಕುಡಿದೆ. ಆದರೆ ನಿಮಗೆ ಹೇಳಬೇಕೆಂದಿರುವುದು ಆ ಮೊದಲ ಸಲದ ದ್ವಾದಶಿಯ ಬೆಳಿಗ್ಗೆಯದು.

ನಮ್ಮ ಮನೆಯಲ್ಲಿ ದ್ವಾದಶಿಗೆ ಉಪವಾಸವಿದ್ದವರು ಮೊದಲು ಕೂರಬೇಕು, ಉಳಿದವರು ಬಡಿಸಬೇಕು. ಅಷ್ಟು ವರ್ಷ ಅತ್ತೆ ಕೂರುತ್ತಿದ್ದರು, ನಾನು ನಿದ್ದೆಗಣ್ಣಲ್ಲಿ ಬಡಿಸುತ್ತಿದ್ದೆ. ಅಂದು ನಾನು ಏಳುವ ಹೊತ್ತಿಗೆ ಅಡುಗೆಮನೆಯಿಂದ ಹೆಸರುಬೇಳೆ ಬೆಂದ ಪರಿಮಳ ಬರುತ್ತಿತ್ತು. ಹುಣಿಸೆಹಣ್ಣಿಲ್ಲದ ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಎಲ್ಲವನ್ನೂ ಅತ್ತೆ ಮಾಡಿ ಇಳಿಸಿಬಿಟ್ಟಿದ್ದರು. ನಡುಮನೆಯಲ್ಲಿ ಒಂದೇ ಎಲೆ ಹಾಕಿತ್ತು.

“ಸ್ನಾನ ಆಯ್ತಾ? ಕೂತ್ಕೋ,” ಎಂದರು.

“ನೀವು ಅತ್ತೆ?”

“ನಾನು ಹಾಲು ಕುಡಿದವಳು. ಉಪವಾಸ ಇದ್ದವರಿಗೆ ತಾನೇ ಮೊದಲು? ಊಸಿ ಇನ್ನೂ ಹಾಕಿಸ್ಕೊಂಡಿಲ್ಲ, ಹೆದರಬೇಡ. ನೀನು ಎದ್ದ ಮೇಲೆ ಹಾಕಿಸ್ಕೊಂಡು ಉಣ್ತೀನಿ.”

ಅವರ ದನಿಯಲ್ಲಿ ಮುನಿಸಿರಲಿಲ್ಲ, ಚುಚ್ಚುಮಾತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರ ಪ್ರಾಣ ಉಳಿಸಿದೆನೆಂದು ಹಿಂದಿನ ದಿನವೆಲ್ಲ ಒಳಗೊಳಗೇ ಬೀಗಿದ್ದ ನನಗೆ, ಅದಕ್ಕಾಗಿ ಅವರು ಬಿಟ್ಟುಕೊಟ್ಟದ್ದು ಏನೆಂದು ಆ ಎಲೆಯ ಮುಂದೆ ಕೂತಾಗ ಕಂಡಿತು. ಅದು ಅವರ ಎಲೆ. ಅವರು ಅದರ ತುದಿಗೆ ಮೊದಲು ಉಪ್ಪು ಬಡಿಸಿದರು, ಆಮೇಲೆ ಪಲ್ಯ, ಅನ್ನ, ತೊವ್ವೆ, ಮೇಲೊಂದು ಮಿಳ್ಳೆ ತುಪ್ಪ. ಮುಖದಲ್ಲಿ ಬಾಣಂತಿ ಮಗಳಿಗೆ ಉಣಿಸುವ ತಾಯಿಯ ಕಾತರ.

ಮೊದಲ ತುತ್ತು ಕಲಸಿ ನುಂಗಿದೆ. ಎಲೆ ಖಾಲಿಯಾಗುವ ಮೊದಲೇ ಮತ್ತೆ ಅನ್ನ ಬಂತು. ಖಾಲಿ ಹೊಟ್ಟೆಗೆ ಅದು ಹೆಚ್ಚೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಎಲ್ಲಿ ನಿಲ್ಲಿಸಬೇಕು ಎಂಬುದನ್ನೇ ಓದಿ, ಅದನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುವವಳು ನಾನು. “ಇನ್ನೊಂದು ಸ್ವಲ್ಪ?” ಎಂದು ಅತ್ತೆ ಸೌಟು ಎತ್ತಿದಾಗ ಎಲೆಗೆ ಕೈ ಅಡ್ಡ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಅವರು ಬಡಿಸಿದರು, ನಾನು ಉಂಡೆ.